ಮುಳ್ಳಿಗೆ ಎತ್ತರ ಗೊತ್ತಿಲ್ಲ: ಪೈಲಟ್ ಆಗಲು ಎಷ್ಟು ಭೌತಶಾಸ್ತ್ರ ಬೇಕು?

ಧಾರವಾಡದ ನನ್ನ ಮನೆಗೆ ಬರುವ ತಂದೆತಾಯಿಯರ ಪ್ರಶ್ನೆ ಈಚೆಗೆ ಬದಲಾಗಿದೆ. ಹಿಂದೆ ಸಿಇಟಿ, ನೀಟ್ ಎಂದು ಬರುತ್ತಿದ್ದವರಲ್ಲಿ ಕೆಲವರು ಈಗ ‘ಸರ್, ನಮ್ಮ ಮಗಳು ಕಾಮರ್ಸ್ ತೆಗೆದುಕೊಂಡಿದ್ದಾಳೆ, ಪೈಲಟ್ ಆಗಲು ಬರುತ್ತದೆಯೇ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಎರಡು ಕಾರಣಗಳಿವೆ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು 2022ರಲ್ಲಿ ಹೊಸ ಹಾರಾಟ ತರಬೇತಿ ಶಾಲೆಗಳಿಗಾಗಿ ಎರಡನೆಯ ಸುತ್ತಿನಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಹುಬ್ಬಳ್ಳಿಯೂ ಇತ್ತು. ಅದಕ್ಕೆ ಒಂದು ವರ್ಷ ಮೊದಲೇ ಬೆಳಗಾವಿಯ ಹೆಸರು ಬಂದಿತ್ತು. ಇನ್ನೊಂದು ಕಾರಣ, ವಾಣಿಜ್ಯ ಪೈಲಟ್ ಪರವಾನಗಿಗೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಲೇಬೇಕು ಎಂಬ, 1990ರ ದಶಕದಿಂದ ನಡೆದುಬಂದ ನಿಯಮವನ್ನು ಸಡಿಲಿಸುವ ವಿಚಾರ 2025ರಲ್ಲಿ ಸುದ್ದಿಯಾಯಿತು. ಕಲೆ ಮತ್ತು ವಾಣಿಜ್ಯ ಓದಿದವರಿಗೂ ಬಾಗಿಲು ತೆರೆಯಬೇಕೆಂದು ಒಂದು ಗುಂಪು ಹೇಳಿದರೆ, ಇದು ಪ್ರಯಾಣಿಕರ ಜೀವದ ಪ್ರಶ್ನೆ ಎಂದು ಇನ್ನೊಂದು ಗುಂಪು ವಾದಿಸಿತು.

ನಾನು ಭೌತಶಾಸ್ತ್ರ ಕಲಿಸುವವನು. ನನ್ನ ವಿಷಯದ ಪರವಾಗಿ ನಿಲ್ಲುವುದು ನನಗೆ ಸಹಜ. ಆದರೂ ಅಂಕಪಟ್ಟಿಯ ಪರವಾಗಿ ವಾದಿಸಲು ನನಗೆ ಮನಸ್ಸಿಲ್ಲ. ಮುಕ್ತ ಶಾಲೆಯ ಮೂಲಕ ಆ ಎರಡೇ ವಿಷಯಗಳ ಪರೀಕ್ಷೆ ಬರೆದು ಪಾಸಾಗಿ ತರಬೇತಿಗೆ ಸೇರಿದವರನ್ನು ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಒತ್ತಡ ಎಂದರೇನು ಎಂಬುದೇ ಸ್ಪಷ್ಟವಿರಲಿಲ್ಲ. ಪಿಯುಸಿ ವಿಜ್ಞಾನದಲ್ಲಿ ತೊಂಬತ್ತು ಅಂಕ ಪಡೆದವರಲ್ಲೂ ಅದು ಸ್ಪಷ್ಟವಿಲ್ಲದವರು ಇದ್ದಾರೆ. ಹಾಗಾದರೆ ಪೈಲಟ್ ಆಗುವವರಿಗೆ ತಿಳಿದಿರಲೇಬೇಕಾದ ಭೌತಶಾಸ್ತ್ರ ಯಾವುದು? ನನ್ನ ಉತ್ತರ ಚಿಕ್ಕದು. ವಿಮಾನದ ಮುಂಭಾಗದಲ್ಲಿ ವೇಗ, ಎತ್ತರ, ಏರಿಳಿತ ತೋರಿಸುವ ಮೂರು ಡಯಲುಗಳಿರುತ್ತವೆ. ಆ ಮೂರಕ್ಕೂ ವೇಗ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ. ಅವುಗಳಿಗೆ ಗೊತ್ತಿರುವುದು ಗಾಳಿಯ ಒತ್ತಡ ಮಾತ್ರ. ಉಳಿದದ್ದೆಲ್ಲ ಒಂದು ಊಹೆಯ ಮೇಲೆ ನಿಂತ ಲೆಕ್ಕ. ಆ ಊಹೆ ಯಾವುದು, ಅದು ಯಾವಾಗ ಮುರಿಯುತ್ತದೆ ಎಂದು ಹೇಳಬಲ್ಲ ಹುಡುಗ ಹುಡುಗಿಯರು ಯಾವ ವಿಭಾಗದಲ್ಲಿ ಓದಿದರೂ ನನಗೆ ಚಿಂತೆಯಿಲ್ಲ.

ಇದನ್ನು ಕಲಿಸಲು ನನಗೆ ಒಳ್ಳೆಯ ಉಪಕರಣ ಸಿಕ್ಕಿದ್ದು ಮನೆ ಕಟ್ಟುವ ಗೌಂಡಿಯೊಬ್ಬರಿಂದ. ಗೋಡೆಯ ಮಟ್ಟ ನೋಡಲು ಅವರು ನೀರು ತುಂಬಿದ ಪಾರದರ್ಶಕ ಕೊಳವೆ ಬಳಸುತ್ತಾರೆ. ಎರಡೂ ತುದಿಗಳ ಮೇಲೆ ಗಾಳಿಯ ಒತ್ತಡ ಒಂದೇ ಇದ್ದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಂಥದೇ ಕೊಳವೆಯ ಒಂದು ತುಂಡನ್ನು ಬಾಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಕಾರಿನ ಕಿಟಕಿಯಿಂದ ಗಾಳಿಗೆ ಮುಖ ಮಾಡಿ ಹೊರಗಿಟ್ಟೆವು. ಇನ್ನೊಂದು ತುದಿ ಕಾರಿನೊಳಗೇ ಇತ್ತು. ಗೆಳೆಯರೊಬ್ಬರು ಕಾರು ಓಡಿಸಿದರು, ಹಿಂದಿನ ಸೀಟಿನಲ್ಲಿ ಮೂವರು ವಿದ್ಯಾರ್ಥಿಗಳು ಸ್ಕೇಲ್ ಹಿಡಿದು ಕುಳಿತರು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಮಟ್ಟಗಳ ನಡುವೆ ಲೆಕ್ಕದ ಪ್ರಕಾರ 7 ಮಿಲಿಮೀಟರ್ ಅಂತರ ಬರಬೇಕು. ವೇಗ 80ಕ್ಕೆ ಏರಿದರೆ ಅಂತರ 14 ಆಗುವುದಿಲ್ಲ, 28 ಆಗಬೇಕು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಪುಸ್ತಕದಲ್ಲಿ ‘ವೇಗದ ವರ್ಗಕ್ಕೆ ಅನುಪಾತದಲ್ಲಿ’ ಎಂದು ಓದಿ ಬಿಟ್ಟಿದ್ದ ಸಾಲು ನೀರಿನಲ್ಲಿ ಏರುವುದನ್ನು ಕಂಡಾಗ ಹಿಂದಿನ ಸೀಟಿನಿಂದ ಬಂದ ಉದ್ಗಾರ ನನಗೆ ಇನ್ನೂ ನೆನಪಿದೆ. ನಮ್ಮ ಅಳತೆ ಲೆಕ್ಕಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚೇ ಬಂತು. ಏಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ವಿಮಾನದಲ್ಲೂ ಅದೇ ತಪ್ಪು ನಡೆಯುತ್ತದೆ.

ಫ್ರಾನ್ಸಿನ ಹೆನ್ರಿ ಪಿಟೋ 1732ರಲ್ಲಿ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಬಾಗಿದ ಗಾಜಿನ ಕೊಳವೆಯನ್ನು ಸೇನ್ ನದಿಯ ಹರಿವಿಗೆ ಮುಖ ಮಾಡಿ ಇಳಿಸಿದ. ಹರಿವು ಜೋರಾದಷ್ಟೂ ಕೊಳವೆಯಲ್ಲಿ ನೀರು ಮೇಲೇರಿತು. ಆಳಕ್ಕೆ ಹೋದಂತೆ ನದಿಯ ವೇಗ ಹೆಚ್ಚುತ್ತದೆ ಎಂಬ ಅಂದಿನ ನಂಬಿಕೆಯನ್ನು ಆ ಕೊಳವೆ ಸುಳ್ಳು ಮಾಡಿತು. ಇಂದು ವಿಮಾನದ ರೆಕ್ಕೆಯ ಕೆಳಗೆ ಅಥವಾ ಮೂಗಿನ ಪಕ್ಕ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆಗೆ ಅವನದೇ ಹೆಸರು. ವಿಮಾನದ ಮೈಗೆ ಸಮನಾಗಿ, ಪಕ್ಕದಲ್ಲಿ, ಗಾಳಿ ನೇರವಾಗಿ ನುಗ್ಗದ ಜಾಗದಲ್ಲಿ ಇನ್ನೊಂದು ಸಣ್ಣ ತೂತು ಇರುತ್ತದೆ. ಅದನ್ನು ಸ್ಟ್ಯಾಟಿಕ್ ಪೋರ್ಟ್ ಎನ್ನುತ್ತಾರೆ. ಪಿಟೋ ಕೊಳವೆಗೆ ಸುತ್ತಲಿನ ಗಾಳಿಯ ಒತ್ತಡ ಮತ್ತು ಓಟದಿಂದ ಹುಟ್ಟಿದ ಒತ್ತಡ ಎರಡೂ ಸೇರಿ ಸಿಗುತ್ತವೆ. ಸ್ಟ್ಯಾಟಿಕ್ ತೂತಿಗೆ ಸಿಗುವುದು ಸುತ್ತಲಿನದು ಮಾತ್ರ. ವೇಗದ ಡಯಲಿನೊಳಗೆ ತೆಳುವಾದ ಲೋಹದ ಡಬ್ಬಿಯೊಂದಿದೆ. ಡಬ್ಬಿಯ ಒಳಗೆ ಪಿಟೋ ಒತ್ತಡ, ಹೊರಗೆ ಸ್ಟ್ಯಾಟಿಕ್ ಒತ್ತಡ. ಡಬ್ಬಿ ಎಷ್ಟು ಉಬ್ಬುತ್ತದೆಯೋ ಅಷ್ಟು ಮುಳ್ಳು ತಿರುಗುತ್ತದೆ. ಅಂದರೆ ಈ ಉಪಕರಣ ಮಾಡುವುದು ಒಂದು ವ್ಯವಕಲನ ಮಾತ್ರ.

ಆ ವ್ಯತ್ಯಾಸ ಎಷ್ಟು ಸಣ್ಣದು ಎಂಬುದನ್ನು ಗಮನಿಸಬೇಕು. ಸಮುದ್ರಮಟ್ಟದಲ್ಲಿ 60 ನಾಟ್ ವೇಗ, ಅಂದರೆ ಗಂಟೆಗೆ 111 ಕಿಲೋಮೀಟರ್ ಓಟ, ಹುಟ್ಟಿಸುವ ಒತ್ತಡ ಸುಮಾರು 6 ಹೆಕ್ಟೋಪಾಸ್ಕಲ್. ನಮ್ಮ ಗೌಂಡಿಯ ಕೊಳವೆಯಲ್ಲಿ 60 ಮಿಲಿಮೀಟರ್ ನೀರು. ಸುತ್ತಲಿನ ಗಾಳಿಯ ಒತ್ತಡ ಇದ್ದದ್ದೇ 1013 ಹೆಕ್ಟೋಪಾಸ್ಕಲ್. ಸಾವಿರದಲ್ಲಿ ಆರನ್ನು ಹಿಡಿದು ತೋರಿಸುವ ಕೆಲಸ ಇದು. ಈ ಎರಡು ಅಂಕಿಗಳನ್ನು ನೆನಪಿಡಿ. ಮುಂದೆ ಅಪಘಾತಗಳ ಮಾತು ಬಂದಾಗ ಇವೇ ಬೇಕಾಗುತ್ತವೆ.

ಮೊದಲು ಹುಬ್ಬಳ್ಳಿಯ ಬೇಸಿಗೆಯನ್ನು ನೋಡೋಣ. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ತೆಳುವಾಗಿ, ಲೆಕ್ಕ ಹಾಕಿದರೆ ಸುಮಾರು 5,400 ಅಡಿ ಎತ್ತರದ ಗಾಳಿಯಂತೆ ವರ್ತಿಸುತ್ತದೆ. ವೇಗದ ಡಯಲನ್ನು ತಯಾರಿಸುವಾಗ ಸಮುದ್ರಮಟ್ಟದ ದಟ್ಟ ಗಾಳಿಯನ್ನು ಊಹಿಸಿಕೊಂಡು ಅಂಕಿ ಬರೆದಿರುತ್ತಾರೆ. ಗಾಳಿ ತೆಳುವಾದರೆ ಅಷ್ಟೇ ಒತ್ತಡ ಹುಟ್ಟಲು ಹೆಚ್ಚು ಓಡಬೇಕು. ಆದ್ದರಿಂದ ಆ ಮಧ್ಯಾಹ್ನ ಡಯಲಿನಲ್ಲಿ 60 ಎಂದು ಕಂಡಾಗ ವಿಮಾನ ಗಾಳಿಯಲ್ಲಿ ನಿಜವಾಗಿ ಓಡುತ್ತಿರುವುದು 65 ನಾಟ್ ವೇಗದಲ್ಲಿ. ಐದೇ ನಾಟ್ ಅಲ್ಲವೇ ಎನ್ನಬೇಡಿ. ಚಲನಶಕ್ತಿಯ ಲೆಕ್ಕದಲ್ಲಿ ಅದು ಶೇಕಡಾ 17ರಷ್ಟು ಹೆಚ್ಚು. ಅದೇ ಬಿಸಿ ಗಾಳಿ ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸಿರುತ್ತದೆ. ರನ್‌ವೇ ಮೇಲೆ ವಿಮಾನ ಬೆಳಗಿನ ಹೊತ್ತಿಗಿಂತ ಬಹಳ ದೂರ ಓಡುತ್ತದೆ.

ಹಾಗಾದರೆ ಡಯಲ್ ತಪ್ಪು ಹೇಳುತ್ತಿದೆಯೇ? ಬಹಳ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ರೆಕ್ಕೆಯನ್ನು ಎತ್ತಿ ಹಿಡಿಯುವುದೂ ಅದೇ ಒತ್ತಡ. ಡಯಲಿನಂತೆ ರೆಕ್ಕೆಗೂ ನಿಜವಾದ ವೇಗ ಗೊತ್ತಿಲ್ಲ. ಸಮುದ್ರಮಟ್ಟದಲ್ಲಿ ಡಯಲಿನ 45ಕ್ಕೆ ರೆಕ್ಕೆ ಆಧಾರ ಕಳೆದುಕೊಳ್ಳುವುದಾದರೆ ಹುಬ್ಬಳ್ಳಿಯ ಬಿಸಿಲಿನಲ್ಲೂ ಡಯಲಿನ 45ಕ್ಕೇ ಕಳೆದುಕೊಳ್ಳುತ್ತದೆ. ಹಾರಾಟಕ್ಕೆ ನಂಬಬೇಕಾದದ್ದು ಡಯಲನ್ನೇ. ಆದರೆ ಇಳಿಯುವಾಗ ಕಣ್ಣು ನೆಲವನ್ನು ನೋಡುತ್ತಿರುತ್ತದೆ, ನೆಲ ಎಂದಿಗಿಂತ ವೇಗವಾಗಿ ಹಿಂದಕ್ಕೆ ಓಡುತ್ತದೆ. ‘ಬಹಳ ಜೋರಾಗಿ ಹೋಗುತ್ತಿದ್ದೇನೆ’ ಎಂದು ಹೆದರಿ ವೇಗ ತಗ್ಗಿಸುವ ವಿದ್ಯಾರ್ಥಿ ತನಗೆ ತಿಳಿಯದೆಯೇ ರೆಕ್ಕೆಯ ಆಧಾರವನ್ನು ಕಳಚುತ್ತಿರುತ್ತಾನೆ. ಸೂತ್ರ ಬಾಯಿಪಾಠ ಇದ್ದವನಿಗೂ ಆ ಕ್ಷಣದಲ್ಲಿ ಇದು ಹೊಳೆಯದೆ ಹೋಗಬಹುದು. ಒತ್ತಡವನ್ನು ಕಣ್ಣಾರೆ ಕಂಡವನಿಗೆ ಹೊಳೆಯುತ್ತದೆ ಎಂಬುದು ನನ್ನ ನಂಬಿಕೆ.

ಇನ್ನು ಎತ್ತರ. ಆಲ್ಟಿಮೀಟರ್ ಒಳಗೆ ಗಾಳಿ ತೆಗೆದು ಮುಚ್ಚಿದ ಲೋಹದ ಡಬ್ಬಿಗಳ ಸಾಲು ಇರುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಡಬ್ಬಿಗಳು ಉಬ್ಬುತ್ತವೆ, ಮುಳ್ಳು ತಿರುಗುತ್ತದೆ. ನಮ್ಮ ಊರಿನ ಎತ್ತರದಲ್ಲಿ ಸುಮಾರು 30 ಅಡಿಗೆ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಇದನ್ನು ನೋಡಲು ವಿಮಾನ ಬೇಕಿಲ್ಲ. ಈಗಿನ ಅನೇಕ ಮೊಬೈಲುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. ಮೂರು ಅಂತಸ್ತಿನ ಕಾಲೇಜು ಕಟ್ಟಡದ ಅಂಗಳದಿಂದ ತಾರಸಿಗೆ ಹತ್ತಿದರೆ ಒಂದು ಹೆಕ್ಟೋಪಾಸ್ಕಲ್ ಇಳಿದದ್ದು ಕಾಣುತ್ತದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಾಗ ಮೊಬೈಲ್ ಹಿಡಿದು ಕುಳಿತರೆ ದಾರಿಯ ಏರು ತಗ್ಗುಗಳೆಲ್ಲ ಅಂಕಿಗಳಲ್ಲಿ ಓದಲು ಸಿಗುತ್ತವೆ.

ಅದೇ ಮೊಬೈಲನ್ನು ಮೇಜಿನ ಮೇಲೆ ಇಟ್ಟು ದಿನವಿಡೀ ನೋಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಹೆಚ್ಚಾಗಿರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿದಿರುತ್ತದೆ. ಉಷ್ಣವಲಯದ ವಾತಾವರಣದ ದಿನನಿತ್ಯದ ಉಬ್ಬರವಿಳಿತ ಅದು, ಗಡಿಯಾರದಷ್ಟು ನಿಯಮಿತ. ಈಗ ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ನಿಲ್ಲಿಸಿದ ತರಬೇತಿ ವಿಮಾನವನ್ನು ಯೋಚಿಸಿ. ಅದು ಒಂದಿಂಚೂ ಅಲುಗಾಡಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಅದರ ಆಲ್ಟಿಮೀಟರ್ ಬೆಳಗಿನದಕ್ಕಿಂತ ಸುಮಾರು 100 ಅಡಿ ಹೆಚ್ಚು ತೋರಿಸುತ್ತದೆ. ಒತ್ತಡ ಇಳಿದದ್ದಷ್ಟೇ ಅದಕ್ಕೆ ಗೊತ್ತು, ಇಳಿದದ್ದು ಏಕೆ ಎಂದು ಗೊತ್ತಿಲ್ಲ.

ಇದನ್ನು ಸರಿಪಡಿಸಲು ಆಲ್ಟಿಮೀಟರಿನ ಮುಖದಲ್ಲಿ ಸಣ್ಣ ಕಿಟಕಿಯೊಂದಿದೆ. ಒತ್ತಡಕ್ಕೆ ತಕ್ಕಂತೆ ಹೊಂದಿಸಬಹುದಾದ ನಿಖರ ಆಲ್ಟಿಮೀಟರನ್ನು 1928ರಲ್ಲಿ ತಂದ ಪಾಲ್ ಕೋಲ್ಸ್‌ಮನ್ ಹೆಸರಿನಿಂದಲೇ ಆ ಕಿಟಕಿಯನ್ನು ಇಂದಿಗೂ ಕರೆಯುತ್ತಾರೆ. ಮರುವರ್ಷ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಹೊರಗೆ ಏನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಕುಳಿತು ಏರಿ, ಸುತ್ತಿ, ಇಳಿದಾಗ ಅವನ ಮುಂದೆ ಇದ್ದದ್ದು ಅದೇ ಆಲ್ಟಿಮೀಟರ್. ನಿಯಂತ್ರಣ ಗೋಪುರ ಕೊಡುವ ಕ್ಯೂಎನ್‌ಎಚ್ ಅಂಕಿಯನ್ನು, ಅಂದರೆ ಆ ಹೊತ್ತಿನ ಒತ್ತಡವನ್ನು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ ಹೇಳಿದ ಅಂಕಿಯನ್ನು, ಕಿಟಕಿಯಲ್ಲಿ ತಿರುಗಿಸಿ ಇಟ್ಟರೆ ಹುಬ್ಬಳ್ಳಿಯ ನೆಲದ ಮೇಲೆ ಮುಳ್ಳು 2,170ರ ಆಸುಪಾಸಿನಲ್ಲಿ ನಿಲ್ಲಬೇಕು. ಕ್ಯೂಎಫ್‌ಇ, ಅಂದರೆ ನಿಲ್ದಾಣದ ನೆಲದ ಮೇಲಿನ ಒತ್ತಡವನ್ನೇ, ಇಟ್ಟರೆ ಸೊನ್ನೆ. ಹೊರಡುವ ಮುನ್ನ ಇದನ್ನು ನೋಡಿಕೊಳ್ಳುವುದು ಹತ್ತು ಸೆಕೆಂಡಿನ ಕೆಲಸ. ಹತ್ತು ಹೆಕ್ಟೋಪಾಸ್ಕಲ್ ತಪ್ಪಿದರೆ ಹೆಚ್ಚು ಕಡಿಮೆ 300 ಅಡಿ ತಪ್ಪುತ್ತದೆ. ಜನವರಿಯ ಅಂಕಿ ಮುಂಗಾರಿನಲ್ಲಿ ಹಾಗೆಯೇ ಉಳಿದಿದ್ದರೆ ವಿಮಾನ ತೋರಿಸುವುದಕ್ಕಿಂತ ಕೆಳಗೇ ಇರುತ್ತದೆ. ಕಪ್ಪತಗುಡ್ಡದ ಮೇಲೆ ಮೋಡ ಕೂತಿರುವ ಜುಲೈ ತಿಂಗಳಿನಲ್ಲಿ ಆ ಅಂತರವೇ ಜೀವ ತೆಗೆಯಬಲ್ಲದು.

ಎತ್ತರದಲ್ಲಿ ಹಾರುವ ದೊಡ್ಡ ವಿಮಾನಗಳು ಸ್ಥಳೀಯ ಅಂಕಿಯನ್ನು ಬಿಟ್ಟು ಎಲ್ಲವೂ 1013.25 ಎಂದೇ ಇಟ್ಟುಕೊಳ್ಳುತ್ತವೆ. ಆಗ ಯಾರ ಎತ್ತರವೂ ನಿಖರವಲ್ಲ. ಆದರೆ ಎಲ್ಲರ ತಪ್ಪೂ ಒಂದೇ ಪ್ರಮಾಣದ್ದಾದ್ದರಿಂದ ಒಂದರ ಮೇಲೊಂದು ಹಾರುವ ವಿಮಾನಗಳ ನಡುವಿನ ಅಂತರ ಉಳಿಯುತ್ತದೆ. ಜಿಪಿಎಸ್ ಇರುವಾಗ ಈ ಹಳೆಯ ಡಬ್ಬಿ ಏಕೆ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಇದು. ಎರಡನೆಯದು, ಜಿಪಿಎಸ್ ನೆಲದ ಮೇಲಿನ ವೇಗವನ್ನು ಹೇಳುತ್ತದೆ, ರೆಕ್ಕೆಯ ಮೇಲಿನ ಗಾಳಿಯ ವೇಗ ಅದಕ್ಕೆ ತಿಳಿಯದು. ಕಾಕ್‌ಪಿಟ್ಟಿನಲ್ಲಿ ಡಯಲುಗಳ ಬದಲು ಪರದೆಗಳು ಬಂದಿದ್ದರೂ ಅವುಗಳ ಹಿಂದಿನ ಕಂಪ್ಯೂಟರಿಗೆ ಸುದ್ದಿ ಬರುವುದು ಅದೇ ಕೊಳವೆ, ಅದೇ ತೂತುಗಳಿಂದ.

ಮೂರನೆಯದಾದ ಏರಿಳಿತ ಸೂಚಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಡಬ್ಬಿಯೊಳಗೆ ಈಗಿನ ಸ್ಟ್ಯಾಟಿಕ್ ಒತ್ತಡ ಇರುತ್ತದೆ. ಸುತ್ತಲಿನ ಪೆಟ್ಟಿಗೆಗೆ ಅದೇ ಒತ್ತಡ ಬಹಳ ಕಿರಿದಾದ ದಾರಿಯಿಂದ ತಡವಾಗಿ ಸೇರುತ್ತದೆ. ಈಗಿನದಕ್ಕೂ ಸ್ವಲ್ಪ ಹಿಂದಿನದಕ್ಕೂ ಇರುವ ಅಂತರವೇ ಏರುವ ಅಥವಾ ಇಳಿಯುವ ವೇಗ. ಸರಿಯಾದ ಅಂಕಿಗೆ ಬರಲು ಅದಕ್ಕೆ ಆರರಿಂದ ಒಂಬತ್ತು ಸೆಕೆಂಡ್ ಬೇಕು. ಅದರ ಮುಳ್ಳನ್ನು ಬೆನ್ನಟ್ಟಿದರೆ ವಿಮಾನ ಅಲೆಯಂತೆ ಏಳುತ್ತ ಬೀಳುತ್ತ ಹೋಗುತ್ತದೆ.

ನಮ್ಮ ಧಾರವಾಡದ ಮನೆಗಳಲ್ಲಿ ಕಣಜದ ಹುಳು ಬಾಗಿಲ ಕೀಲಿಯ ತೂತು, ಸ್ವಿಚ್ ಬೋರ್ಡಿನ ತೂತು ಎನ್ನದೆ ಮಣ್ಣು ಮೆತ್ತಿ ಗೂಡು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಒಂದೆರಡು ದಿನ ಸಾಕು ಅದಕ್ಕೆ. ನಿಂತ ವಿಮಾನದ ಪಿಟೋ ಕೊಳವೆಗೆ ಕೆಂಪು ಪಟ್ಟಿ ಇಳಿಬಿಟ್ಟ ಗವಸು ಹಾಕುವುದು ಈ ಕಾರಣಕ್ಕಾಗಿ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವಾರಗಟ್ಟಲೆ ನಿಂತಿದ್ದ ಆ ವಿಮಾನದ ಕ್ಯಾಪ್ಟನ್ ಕಡೆಯ ಪಿಟೋ ಕೊಳವೆ ಮುಚ್ಚಿಹೋಗಿತ್ತು. ಅದಕ್ಕೆ ಕಾರಣ ಬಹುಶಃ ಮಣ್ಣಿನ ಗೂಡು ಕಟ್ಟುವ ಹುಳು ಎಂದು ತನಿಖೆ ಹೇಳಿತು.

ಆ ಹಾರಾಟದಲ್ಲಿ ನಡೆದದ್ದನ್ನು ಒತ್ತಡದ ಭಾಷೆಯಲ್ಲಿ ಓದಬೇಕು. ರನ್‌ವೇ ಮೇಲೆ ಓಡುವಾಗಲೇ ಕ್ಯಾಪ್ಟನ್ನನ ವೇಗದ ಮುಳ್ಳು ಕೆಲಸ ಮಾಡುತ್ತಿರಲಿಲ್ಲ. ಅದು ಗೊತ್ತಾದರೂ ಹಾರಾಟ ಮುಂದುವರಿಯಿತು. ಮೇಲೇರುತ್ತಿದ್ದಂತೆ ಅದೇ ಮುಳ್ಳು ಏಳತೊಡಗಿತು. ಸರಿಹೋಯಿತು ಎಂದು ಅನ್ನಿಸುವಂತಿತ್ತು. ಆದರೆ ಮುಚ್ಚಿದ ಕೊಳವೆಯೊಳಗೆ ನೆಲದ ಒತ್ತಡ ಸಿಕ್ಕಿಬಿದ್ದಿತ್ತು, ಹೊರಗಿನ ಸ್ಟ್ಯಾಟಿಕ್ ಒತ್ತಡ ಏರಿದಂತೆ ಇಳಿಯುತ್ತಿತ್ತು. ವ್ಯವಕಲನದ ಉತ್ತರ ದೊಡ್ಡದಾಗುತ್ತ ಹೋಯಿತು. ವೇಗಮಾಪಕ ಆಲ್ಟಿಮೀಟರಿನಂತೆ ವರ್ತಿಸುತ್ತಿತ್ತು. ನಿಜವಾದ ವೇಗ ಕುಸಿಯುತ್ತಿದ್ದಾಗ ಡಯಲ್ ಅತಿವೇಗ ತೋರಿಸಿತು, ಆಟೋಪೈಲಟ್ ಅದನ್ನೇ ನಂಬಿ ಮೂಗು ಎತ್ತಿತು. ಅತಿವೇಗದ ಎಚ್ಚರಿಕೆಯೂ ವೇಗ ಸಾಲದು ಎಂಬ ಎಚ್ಚರಿಕೆಯೂ ಆ ಕಾಕ್‌ಪಿಟ್ಟಿನಲ್ಲಿ ಮೊಳಗಿದವು.

ಅದೇ ವರ್ಷ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು ವಿಮಾನದ ಸ್ಟ್ಯಾಟಿಕ್ ತೂತುಗಳ ಮೇಲೆ, ವಿಮಾನ ತೊಳೆಯುವಾಗ ಅಂಟಿಸಿದ ಟೇಪು ಹಾಗೆಯೇ ಉಳಿದಿತ್ತು. ರಾತ್ರಿ, ಸಮುದ್ರದ ಮೇಲೆ, ಎತ್ತರವೂ ಸುಳ್ಳು, ವೇಗವೂ ಸುಳ್ಳು. 70 ಜನ ಸತ್ತರು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ಪಿಟೋ ಕೊಳವೆಗಳು ಹಿಮದ ಹರಳುಗಳಿಂದ ಕಟ್ಟಿಕೊಂಡವು, ಒಂದು ನಿಮಿಷದೊಳಗೆ ಮತ್ತೆ ಸರಿಯಾದವು. ಆ ಒಂದು ನಿಮಿಷದ ಗೊಂದಲದಲ್ಲಿ ಎತ್ತಿದ ಮೂಗು ಇಳಿಯಲಿಲ್ಲ. 228 ಜನ ಹೋದರು. ಈ ಮೂರು ವಿಮಾನಗಳನ್ನು ಹಾರಿಸಿದವರು ಪರವಾನಗಿ ಪಡೆದ, ತರಬೇತಿ ಪಡೆದ ಪೈಲಟ್‌ಗಳು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಕತ್ತಲಲ್ಲಿ ಮುಳ್ಳುಗಳು ಒಂದಕ್ಕೊಂದು ವಿರುದ್ಧವಾಗಿ ಹೇಳುವಾಗ ಯಾವುದು ಯಾವುದರಿಂದ ಹುಟ್ಟಿದೆ ಎಂದು ಯೋಚಿಸಲು ಸಮಯ ಸಿಗುವುದಿಲ್ಲ. ಮೊದಲೇ ಯೋಚಿಸಿ ಮೈಗೂಡಿಸಿಕೊಂಡಿರಬೇಕು.

ಸಣ್ಣ ವಿಮಾನದಲ್ಲಿ ಈ ಸುಳ್ಳು ಇನ್ನೂ ಬೇಗ ಬೆಳೆಯುತ್ತದೆ. 80 ನಾಟ್ ವೇಗದ ಒತ್ತಡ ಸುಮಾರು 10 ಹೆಕ್ಟೋಪಾಸ್ಕಲ್. 300 ಅಡಿ ಏರಿದರೆ ಸ್ಟ್ಯಾಟಿಕ್ ಒತ್ತಡ ಇಳಿಯುವುದೂ ಅಷ್ಟೇ. ಪಿಟೋ ಬಾಯಿ ಮತ್ತು ನೀರು ಸೋರುವ ಸಣ್ಣ ತೂತು ಎರಡೂ ಮುಚ್ಚಿದ್ದರೆ, ಕೇವಲ 300 ಅಡಿ ಏರುವಷ್ಟರಲ್ಲಿ 80ರಲ್ಲಿದ್ದ ಮುಳ್ಳು 110 ದಾಟುತ್ತದೆ. ಬಾಯಿ ಮಾತ್ರ ಮುಚ್ಚಿ ಸೋರುವ ತೂತು ತೆರೆದಿದ್ದರೆ ಒಳಗಿನ ಒತ್ತಡ ಅಲ್ಲಿಂದ ಹೊರಗೆ ಹೋಗಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಅದು ಹೆದರಿಸುತ್ತದೆ, ಆದರೆ ಮೋಸ ಮಾಡುವುದಿಲ್ಲ.

ಬೇರೆ ರಾಜ್ಯದಲ್ಲಿ ತರಬೇತಿ ಪಡೆದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂಟಿಯಾಗಿ ಹಾರಲು ಹೊರಟ ಒಂದು ದಿನ ರನ್‌ವೇ ಮೇಲೆ ಎಂಜಿನ್ ಪೂರ್ತಿ ತೆರೆದ ಮೇಲೂ ವೇಗದ ಮುಳ್ಳು ಏಳಲಿಲ್ಲ. ಒಡನೆ ಎಂಜಿನ್ ತಗ್ಗಿಸಿ ನಿಲ್ಲಿಸಿದಳು. ಕೊಳವೆಯಲ್ಲಿ ಸಿಕ್ಕಿದ್ದು ಕಾಳಿನಷ್ಟು ಮಣ್ಣು. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ಧ್ವನಿ ಸಾಮಾನ್ಯವಾಗಿಯೇ ಇತ್ತು, ನನ್ನ ಕೈ ನಡುಗುತ್ತಿತ್ತು. ಗಾಳಿಯಲ್ಲಿ ಹೀಗಾದರೆ ಅವಳಿಗೆ ಉಳಿಯುತ್ತಿದ್ದ ದಾರಿಯೂ ಇದೆ. ಮೂಗು ದಿಗಂತಕ್ಕೆ ಎಷ್ಟು ಎತ್ತರದಲ್ಲಿದೆ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಎರಡನ್ನು ಪರಿಚಿತ ಜಾಗದಲ್ಲಿ ಇಟ್ಟರೆ ವೇಗವೂ ಪರಿಚಿತವಾಗಿಯೇ ಇರುತ್ತದೆ. ಆ ಎರಡೂ ಒತ್ತಡದ ತೂತುಗಳನ್ನು ನಂಬಿಲ್ಲ.

ನಿಯಮದ ವಿಷಯದಲ್ಲಿ ನನ್ನ ಅಭಿಪ್ರಾಯ ಈಗ ಹೇಳಬಹುದು. ಬಾಗಿಲು ತೆರೆಯಲಿ. ಹನ್ನೆರಡನೆಯ ತರಗತಿಯ ಅಂಕಪಟ್ಟಿ ಈ ತಿಳಿವಳಿಕೆಯ ಸಾಕ್ಷಿಯಲ್ಲ. ಆದರೆ ಬಾಗಿಲ ಒಳಗೆ, ನೆಲದ ಮೇಲಿನ ಪಾಠದಲ್ಲಿ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಯ ಜೊತೆಗೆ ಎದುರು ಕೂರಿಸಿಕೊಂಡು ಬಾಯಿಮಾತಿನಲ್ಲಿ ಕೇಳುವ ಒಂದು ಪರೀಕ್ಷೆ ಇರಬೇಕು. ಹುಬ್ಬಳ್ಳಿ, ಬೆಳಗಾವಿಯಲ್ಲಿ ಕಲಿಯಲಿರುವ ನಮ್ಮ ಮಕ್ಕಳಿಗೆ ಅದನ್ನು ಕನ್ನಡದಲ್ಲಿ ವಿವರಿಸುವವರೂ ಬೇಕು. ಪರವಾನಗಿಯ ಭಾಷೆ ಇಂಗ್ಲಿಷ್ ಆಗಿದ್ದರೂ ಒತ್ತಡ ಎಂಬುದು ಮೊದಲು ಮನೆಮಾತಿನಲ್ಲಿ ಅರ್ಥವಾದರೆ ಅದು ಮರೆಯುವುದಿಲ್ಲ.

ಆ ಕಾಮರ್ಸ್ ಹುಡುಗಿ ಕಾರಿನ ಪ್ರಯೋಗದಲ್ಲಿ ಹಿಂದಿನ ಸೀಟಿನಲ್ಲಿದ್ದಳು. ಅವಳ ತಂದೆಗೆ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇದೆ. ಕಳೆದ ವಾರ ಅವಳಿಗೆ ಒಂದು ಪ್ರಶ್ನೆ ಕೊಟ್ಟೆ. ಹುಬ್ಬಳ್ಳಿಯಿಂದ ಗದಗಿನ ಕಡೆಗೆ 80 ನಾಟ್ ವೇಗದಲ್ಲಿ ಏರುತ್ತಿದ್ದೀಯ, 3,500 ಅಡಿಯಲ್ಲಿ ಸ್ಟ್ಯಾಟಿಕ್ ತೂತು ಮುಚ್ಚಿಕೊಂಡಿತು, ಏನು ಕಾಣುತ್ತದೆ? ಅವಳು ಕಾಗದ ತೆಗೆದುಕೊಂಡು ಖಾತೆಯಂತೆ ಎರಡು ಅಂಕಣ ಗೀಚಿದಳು. ‘ಸರ್, ಒಟ್ಟು ಮೊತ್ತ ಇಳಿಯುತ್ತಿದೆ, ಕಳೆಯಬೇಕಾದದ್ದು ಹಳೆಯದೇ ಉಳಿದಿದೆ. ಹಾಗಾಗಿ ಬಾಕಿ ಕಡಿಮೆ ಬರುತ್ತದೆ. ಎತ್ತರದ ಮುಳ್ಳು 3,500ರಲ್ಲೇ ನಿಲ್ಲುತ್ತದೆ, ಏರಿಳಿತ ಸೊನ್ನೆ, ವೇಗ ಇಳಿಯುತ್ತ 300 ಅಡಿಯೊಳಗೆ ಸೊನ್ನೆಯ ಹತ್ತಿರ ಬರುತ್ತದೆ. ಅದನ್ನು ನೋಡಿ ನಾನು ಮೂಗು ಇಳಿಸಬಾರದು. ಆಮೇಲೆ 3,500ಕ್ಕಿಂತ ಕೆಳಗೆ ಇಳಿಯುವಾಗ ಇದೇ ತಿರುಗುಮುರುಗಾಗಿ ವೇಗ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಎಂಜಿನ್ ತಗ್ಗಿಸಲೂಬಾರದು.’

ಪರ್ಯಾಯ ಸ್ಟ್ಯಾಟಿಕ್ ಕವಾಟ ತೆರೆದು ಕಾಕ್‌ಪಿಟ್ಟಿನ ಒಳಗಿನ ಗಾಳಿಯನ್ನು ಕೊಟ್ಟರೆ? ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಕಾರಿನಲ್ಲಿ ನಮಗೆ ಎರಡು ಮೂರು ಮಿಲಿಮೀಟರ್ ಹೆಚ್ಚು ಬಂದಿತ್ತಲ್ಲ ಸರ್, ಹೊರಗೆ ಗಾಳಿ ಓಡುವಾಗ ಒಳಗಿನ ಒತ್ತಡ ಸ್ವಲ್ಪ ಇಳಿದಿರುತ್ತದೆ ಎಂದು ನೀವು ಹೇಳಿದ್ದಿರಿ. ಇಲ್ಲೂ ಹಾಗೆಯೇ. ಮೂರೂ ಮುಳ್ಳುಗಳು ಮತ್ತೆ ಕೆಲಸ ಮಾಡುತ್ತವೆ. ವೇಗ ಸ್ವಲ್ಪ ಹೆಚ್ಚು, ಎತ್ತರ ಸ್ವಲ್ಪ ಹೆಚ್ಚು ತೋರಿಸುತ್ತವೆ. ಆದ್ದರಿಂದ ನಾನು ಕಾಣುವುದಕ್ಕಿಂತ ಸ್ವಲ್ಪ ಕೆಳಗೇ ಇದ್ದೇನೆ ಎಂದು ತಿಳಿದು ಇಳಿಯುತ್ತೇನೆ.’